ಸುಕ್ಕಿಗೆ ಮುಪ್ಪೊಂದೇ ಕಾರಣವಲ್ಲ

2012ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಒಂದು ಭಾವಚಿತ್ರವನ್ನು ಪ್ರಕಟಿಸಿತು. ಚಿತ್ರದಲ್ಲಿದ್ದವರು 69 ವರ್ಷದ ಒಬ್ಬ ಲಾರಿ ಚಾಲಕ. ಎಡ ಅರ್ಧವನ್ನು ಮುಚ್ಚಿ ನೋಡಿದರೆ ವಯಸ್ಸಿಗೆ ತಕ್ಕ ಸಾಧಾರಣ ಮುಖ. ಬಲ ಅರ್ಧವನ್ನು ಮುಚ್ಚಿ ನೋಡಿದರೆ ಆಳವಾದ ಗೆರೆಗಳು, ಜೋತುಬಿದ್ದ ಕೆನ್ನೆ, ಹದ ಮಾಡಿದ ತೊಗಲಿನಂತೆ ದಪ್ಪಗಾದ ಚರ್ಮ. ಇಬ್ಬರು ಬೇರೆ ಬೇರೆ ಮನುಷ್ಯರ ಅರ್ಧ ಮುಖಗಳನ್ನು ಜೋಡಿಸಿದಂತಿತ್ತು ಆ ಚಿತ್ರ.

ಎರಡೂ ಕೆನ್ನೆ ಹುಟ್ಟಿದ್ದು ಒಂದೇ ದಿನ. ತಿಂದದ್ದು ಒಂದೇ ಅನ್ನ, ಹರಿದದ್ದು ಒಂದೇ ರಕ್ತ. ಹಾಗಿದ್ದರೆ ಎಡಗೆನ್ನೆಗೆ ಮಾತ್ರ ಮುಪ್ಪು ಬಂದದ್ದೇಕೆ? ಆತ 28 ವರ್ಷ ಸರಕು ಸಾಗಿಸುವ ಲಾರಿ ಓಡಿಸಿದ್ದರು. ಅಮೆರಿಕದಲ್ಲಿ ಚಾಲಕನ ಆಸನ ಎಡಗಡೆ ಇರುತ್ತದೆ. ಪಕ್ಕದ ಕಿಟಕಿಯ ಗಾಜಿನಿಂದ ತೂರಿ ಬಂದ ಬಿಸಿಲು ಇಷ್ಟೂ ವರ್ಷ ಬಿದ್ದದ್ದು ಎಡಗೆನ್ನೆಯ ಮೇಲೆ. (ನಮ್ಮ ದೇಶದಲ್ಲಿ ಚಾಲಕ ಕೂರುವುದು ಬಲಗಡೆ, ಇಲ್ಲಿ ಬಿಸಿಲು ಕಾಯುವುದು ಬಲಗೆನ್ನೆ.)

ಚರ್ಮಕ್ಕೆ ಎರಡು ಬಗೆಯ ಮುಪ್ಪು ಎಂಬುದನ್ನು ಈ ಒಂದು ಚಿತ್ರ ಪುಸ್ತಕದ ಹತ್ತು ಪುಟಗಳಿಗಿಂತ ಚೆನ್ನಾಗಿ ಹೇಳುತ್ತದೆ. ಒಂದು, ವರ್ಷಗಳು ಉರುಳಿದಂತೆ ಒಳಗಿನಿಂದ ಬರುವ ಮುಪ್ಪು, ಅದನ್ನು ತಡೆಯುವವರಿಲ್ಲ. ಇನ್ನೊಂದು, ಹೊರಗಿನಿಂದ ಬರುವ ಮುಪ್ಪು; ಬಿಸಿಲು, ಹೊಗೆ ಮತ್ತು ನಮ್ಮದೇ ಅಭ್ಯಾಸಗಳು ಅದನ್ನು ತರುತ್ತವೆ. ಇದನ್ನು ಬಹುಮಟ್ಟಿಗೆ ತಡೆಯಬಹುದು. ಅದೂ ಹೆಚ್ಚು ಖರ್ಚಿಲ್ಲದೆ.

ನವಾರದ ಮಂಚ

ವಯಸ್ಕರೊಬ್ಬರ ಚರ್ಮವನ್ನೆಲ್ಲ ಹರಡಿದರೆ ಒಂದೂವರೆಯಿಂದ ಎರಡು ಚದರ ಮೀಟರ್ ಆದೀತು. ಅದರ ರಚನೆ ತಿಳಿಯಲು ಹಳೆಯ ಮನೆಗಳ ನವಾರದ ಮಂಚವನ್ನು ನೆನೆಸಿಕೊಂಡರೆ ಸಾಕು. ಮೇಲಿನ ಹೊದಿಕೆಯೇ ಹೊರಚರ್ಮ. ಇದು ಬಹಳ ತೆಳು. ಹರೆಯದಲ್ಲಿ ಸುಮಾರು ನಾಲ್ಕು ವಾರಕ್ಕೊಮ್ಮೆ ಹೊಸದಾಗುತ್ತದೆ. ಅದರ ಕೆಳಗಿನ ನವಾರದ ಹೆಣಿಗೆಯೇ ಒಳಚರ್ಮ. ಇಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ಗಟ್ಟಿ ಎಳೆಗಳು ಬಿಗಿ ಕೊಡುತ್ತವೆ. ಇಲಾಸ್ಟಿನ್ ಎಂಬ ಇನ್ನೊಂದು ಪ್ರೋಟೀನಿನ ಎಳೆಗಳು, ರಬ್ಬರಿನಂತೆ, ಎಳೆದ ಚರ್ಮವನ್ನು ಮತ್ತೆ ಸ್ವಸ್ಥಾನಕ್ಕೆ ತರುತ್ತವೆ. ಅದಕ್ಕೂ ಕೆಳಗೆ ಕೊಬ್ಬಿನ ಮೆತ್ತೆ.

ಮಂಚ ಹೊಸದರಲ್ಲಿ ಬಿಗಿಯಾಗಿರುತ್ತದೆ. ಬಳಸುತ್ತ ಬಂದಂತೆ ನವಾರ ಸಡಿಲವಾಗಿ ಜೋಲುತ್ತದೆ. ಚರ್ಮದಲ್ಲಿ ನಡೆಯುವುದೂ ಅದೇ. ಪ್ರಾಯ ತುಂಬಿದ ಮೇಲೆ ಕೊಲಾಜೆನ್ ವರ್ಷಕ್ಕೆ ಸುಮಾರು ಶೇ 1ರಂತೆ ಕಡಿಮೆಯಾಗುತ್ತ ಹೋಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲಿನ ಕೆಲವು ವರ್ಷಗಳಲ್ಲಿ ಈ ಇಳಿತ ಇನ್ನೂ ವೇಗ ಪಡೆಯುತ್ತದೆ. ತೈಲಗ್ರಂಥಿಗಳು ಸೊರಗುವುದರಿಂದ ಚರ್ಮ ಒಣಗುತ್ತದೆ, ಕೊಬ್ಬಿನ ಮೆತ್ತೆ ತೆಳುವಾಗುತ್ತದೆ. ಇದು ಪ್ರಕೃತಿಯ ಕ್ರಮ. ಇದು ರೋಗವಲ್ಲ, ನಾಚಿಕೆಪಡುವಂಥದ್ದೂ ಅಲ್ಲ.

ಗಾಜಿಗೂ ಜಗ್ಗದ ಕಿರಣ

ಬಿಸಿಲು ಮಾಡುವ ಕೆಲಸ ಬೇರೆಯೇ. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆಯೆಂದು 1801ರಲ್ಲಿ ಜರ್ಮನಿಯ ಯೋಹಾನ್ ರಿಟ್ಟರ್ ಕಂಡುಹಿಡಿದರು. ಭೂಮಿಗೆ ತಲುಪುವ ಈ ಕಿರಣಗಳಲ್ಲಿ ಎರಡು ಬಗೆ. ‘ಬಿ’ ಕಿರಣ ಹೊರಚರ್ಮವನ್ನು ಸುಡುತ್ತದೆ. ಕಿಟಕಿ ಗಾಜು ಇದನ್ನು ತಡೆಯಬಲ್ಲದು. ‘ಎ’ ಕಿರಣ ಹಾಗಲ್ಲ. ಸಾಮಾನ್ಯ ಗಾಜನ್ನೂ ದಾಟಿ ಬಂದು ಒಳಚರ್ಮದವರೆಗೆ ಇಳಿಯುತ್ತದೆ. ಉರಿಯಿಲ್ಲ, ನೋವಿಲ್ಲ, ಆದ್ದರಿಂದ ಆಗುತ್ತಿರುವ ಹಾನಿಯ ಅರಿವೂ ಇಲ್ಲ. ಲಾರಿ ಚಾಲಕನ ಕೆನ್ನೆಯನ್ನು ಕೆಡಿಸಿದ್ದು ಇದೇ.

ಒಳಗೆ ಇಳಿದ ಮೇಲೆ ಆಗುವುದೇನು? ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಗ್ಯಾರಿ ಫಿಶರ್ ಮತ್ತು ಸಂಗಡಿಗರು 1996ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಅತಿನೇರಳೆ ಕಿರಣ ತಾಗಿದ ಕೆಲವೇ ಗಂಟೆಗಳಲ್ಲಿ ಚರ್ಮದ ಜೀವಕೋಶಗಳು ಕೊಲಾಜೆನ್ ಎಳೆಗಳನ್ನು ಕತ್ತರಿಸುವ ಕಿಣ್ವಗಳನ್ನು ತಯಾರಿಸತೊಡಗುತ್ತವೆ. ಚರ್ಮ ಕೆಂಪಾಗುವಷ್ಟು ಬಿಸಿಲೂ ಬೇಡ, ಅದಕ್ಕಿಂತ ಕಡಿಮೆ ಸಾಕು. ಕತ್ತರಿಸಿದ್ದನ್ನು ಶರೀರ ರಿಪೇರಿ ಮಾಡುತ್ತದೆ, ಆದರೆ ಪ್ರತಿ ಸಲವೂ ತುಸು ಕುಂದು ಉಳಿಯುತ್ತದೆ. ಆ ಕುಂದುಗಳ ಮೊತ್ತವೇ ಸುಕ್ಕು.

ನಮ್ಮ ಕಂದು ಬಣ್ಣದ ಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ಹೆಚ್ಚು. ಅದು ಹುಟ್ಟಿನಿಂದಲೇ ದೊರೆತ ಕೊಡೆ. ಆದ್ದರಿಂದ ಬಿಳಿಯರಿಗಿಂತ ನಮಗೆ ಸುಕ್ಕು ತಡವಾಗಿ ಬರುತ್ತದೆ. ಆದರೆ ಅದೇ ಮೆಲನಿನ್ ಕಾರಣದಿಂದ ನಮ್ಮಲ್ಲಿ ಬಿಸಿಲಿನ ಗುರುತು ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಕೆನ್ನೆ ಮತ್ತು ಮೂಗಿನ ಮೇಲಿನ ಬಂಗು, ಹಣೆಯ ಕಪ್ಪು, ಅಂಗೈ ಹಿಂಬದಿಯ ಚುಕ್ಕೆಗಳು ಇದರ ಲಕ್ಷಣ. ಬಂಗಿಗೆ ಗರ್ಭಧಾರಣೆ, ಹಾರ್ಮೋನುಗಳು ಮತ್ತು ಮನೆತನದ ಗುಣವೂ ಕಾರಣವಾದರೂ ಬಿಸಿಲು ಅದನ್ನು ಹೆಚ್ಚಿಸುತ್ತದೆ.

ಬಿಸಿಲಿನ ಜೊತೆಗಾರ ತಂಬಾಕಿನ ಹೊಗೆ. ಬೀಡಿ-ಸಿಗರೇಟಿನ ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಮುಖ ನೋಡಿಯೇ ಧೂಮಪಾನಿಯನ್ನು ಗುರುತಿಸಬಹುದೆಂದು ಬ್ರಿಟನ್ನಿನ ವೈದ್ಯ ಡಗ್ಲಸ್ ಮಾಡೆಲ್ 1985ರಲ್ಲೇ ಬರೆದಿದ್ದರು.

ಮನೆಯಲ್ಲೇ ಮಾಡಿ ನೋಡಿ

ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಪ್ರಯೋಗಶಾಲೆ ಬೇಡ, ಅಜ್ಜ ಅಥವಾ ಅಜ್ಜಿಯ ಅನುಮತಿ ಸಾಕು.

ಮೊದಲು ಅಜ್ಜಿಯ ಅಂಗೈಯ ಹಿಂಬದಿಯ ಚರ್ಮವನ್ನು ನೋಡಿ. ಬಳಿಕ ತೋಳಿನ ಒಳಭಾಗವನ್ನು, ಕಂಕುಳಿಗೆ ಹತ್ತಿರದ ಜಾಗವನ್ನು ನೋಡಿ. ಎರಡಕ್ಕೂ ಒಂದೇ ವಯಸ್ಸು. ಒಂದು ಜೀವನವಿಡೀ ಬಿಸಿಲು ಕಂಡಿದೆ, ಇನ್ನೊಂದು ಕಂಡೇ ಇಲ್ಲ. ತೋಳಿನ ಒಳಭಾಗದಲ್ಲಿ ಕಾಣುವುದು ವರ್ಷಗಳ ಲೆಕ್ಕ. ಅಂಗೈ ಹಿಂಬದಿಯಲ್ಲಿ ಅದಕ್ಕಿಂತ ಹೆಚ್ಚಾಗಿ ಕಾಣುವುದು ಬಿಸಿಲಿನ ಪಾಲು.

ಎರಡನೆಯದು, ಅಂಗೈ ಹಿಂಬದಿಯ ಚರ್ಮವನ್ನು ಮೆಲ್ಲಗೆ ಚಿವುಟಿ ಎತ್ತಿ ಬಿಡಿ. ಹುಡುಗರ ಕೈಯಲ್ಲಿ ಅದು ಥಟ್ಟನೆ ಮೊದಲಿನಂತಾಗುತ್ತದೆ. ಹಿರಿಯರ ಕೈಯಲ್ಲಿ ಕೆಲವು ಸೆಕೆಂಡು ಹಿಡಿಯುತ್ತದೆ. ಇಲಾಸ್ಟಿನ್ ಎಳೆಗಳ ಸ್ಥಿತಿಯನ್ನು ಹೇಳುವ ಸರಳ ಪರೀಕ್ಷೆ ಇದು.

ಮೂರನೆಯದು, ನೆರಳಿನ ಲೆಕ್ಕ. ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ದಾಗ ನಮ್ಮ ನೆರಳು ನಮ್ಮ ಎತ್ತರದಷ್ಟೇ ಇರುತ್ತದೆ. ಟ್ಯಾನ್ 45 ಡಿಗ್ರಿ ಎಂದರೆ 1 ಎಂದು ಹತ್ತನೇ ತರಗತಿಯಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ನೆರಳು ನಮಗಿಂತ ಗಿಡ್ಡವಾದರೆ ಅತಿನೇರಳೆ ಕಿರಣ ಪ್ರಖರವಾಗಿದೆ ಎಂದರ್ಥ. ಕರ್ನಾಟಕದಲ್ಲಿ ಬೇಸಿಗೆಯಲ್ಲಿ ಈ ಹೊತ್ತು ಸುಮಾರು ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಮೂರೂವರೆಯವರೆಗೆ. ಶಾಲೆಯ ಆಟೋಟಗಳೂ ಊರ ಜಾತ್ರೆಗಳೂ ನಡೆಯುವುದು ಬಹಳ ಸಲ ಇದೇ ಹೊತ್ತಿನಲ್ಲಿ.

ತಡೆಗೆ ಸಾಕ್ಷಿ

ಬಿಸಿಲು ತಡೆದರೆ ಮುಪ್ಪು ನಿಜಕ್ಕೂ ನಿಧಾನವಾಗುತ್ತದೆಯೆ? ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ನ್ಯಾಂಬೋರ್ ಎಂಬ ಊರಿದೆ. ಅಲ್ಲಿ ಅಡೆಲ್ ಗ್ರೀನ್ ಎಂಬ ವಿಜ್ಞಾನಿಯ ತಂಡ 1992ರಿಂದ 1996ರವರೆಗೆ 55 ವರ್ಷದೊಳಗಿನ 903 ಜನರ ಚರ್ಮವನ್ನು ಗಮನಿಸಿತು. ಒಂದು ಗುಂಪು ದಿನವೂ ಬಿಸಿಲು ತಡೆಯುವ ಸನ್‌ಸ್ಕ್ರೀನ್ ಹಚ್ಚಿತು. ಇನ್ನೊಂದು ಗುಂಪು ತನಗೆ ಬೇಕೆನಿಸಿದಾಗ ಮಾತ್ರ. ನಾಲ್ಕೂವರೆ ವರ್ಷದ ಕೊನೆಗೆ ದಿನವೂ ಹಚ್ಚಿದವರಲ್ಲಿ ಚರ್ಮದ ಮುಪ್ಪು ಶೇ 24ರಷ್ಟು ಕಡಿಮೆಯಿತ್ತು. ಅದೇ ಪ್ರಯೋಗದಲ್ಲಿ ಕೆಲವರಿಗೆ ಬೀಟಾ ಕೆರೋಟಿನ್ ಮಾತ್ರೆಯನ್ನೂ ಕೊಡಲಾಗಿತ್ತು. ಅದರಿಂದ ಹೇಳಿಕೊಳ್ಳುವ ಫಲ ಸಿಗಲಿಲ್ಲ. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಪ್ರಯೋಗದಲ್ಲಿ ನಡುವಯಸ್ಸಿನವರೂ ಇದ್ದರು ಎಂಬುದು ತಾಯ್ತಂದೆಯರಿಗೆ ಸಮಾಧಾನದ ಸಂಗತಿ. ನಲವತ್ತು ದಾಟಿತು, ಇನ್ನೇನು ಎಂದು ಕೈಚೆಲ್ಲಬೇಕಾಗಿಲ್ಲ.

ಸನ್‌ಸ್ಕ್ರೀನ್ ಕೊಳ್ಳುವವರು ಡಬ್ಬಿಯ ಮೇಲೆ ಎರಡು ಗುರುತು ನೋಡಬೇಕು. ‘ಎಸ್‌ಪಿಎಫ್’ ಎಂಬುದು ಮುಖ್ಯವಾಗಿ ‘ಬಿ’ ಕಿರಣದ ತಡೆ. 15 ಇದ್ದರೆ ಸುಮಾರು ಶೇ 93ರಷ್ಟನ್ನು, 30 ಇದ್ದರೆ ಸುಮಾರು ಶೇ 97ರಷ್ಟನ್ನು ತಡೆಯುತ್ತದೆ. ಸಂಖ್ಯೆ ಇಮ್ಮಡಿಯಾದರೆ ರಕ್ಷಣೆ ಇಮ್ಮಡಿಯಾಗುವುದಿಲ್ಲ. ‘ಪಿಎ’ ಮುಂದಿನ ಕೂಡು ಚಿಹ್ನೆಗಳು ‘ಎ’ ಕಿರಣದ ತಡೆಯನ್ನು ಸೂಚಿಸುತ್ತವೆ. ಮುಖ ಮತ್ತು ಕತ್ತಿಗೆ ಸುಮಾರು ಒಂದು ಟೀ ಚಮಚದಷ್ಟು ಬೇಕು. ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಎಲ್ಲರಿಗೂ ಇದು ಕೈಗೆಟುಕುವ ಖರ್ಚಲ್ಲ ನಿಜ. ಆದರೆ ಬಟ್ಟೆ ಇದಕ್ಕಿಂತ ಹಳೆಯ ಔಷಧ. ಹೊಲದ ಕೆಲಸಕ್ಕೆ ಹೋಗುವಾಗ ರುಮಾಲು ಸುತ್ತುವ ರೈತ, ತಲೆಯ ಮೇಲೆ ಸೆರಗು ಹೊದೆಯುವ ಹೆಂಗಸು, ಅಡಿಕೆ ಹಾಳೆಯ ಟೋಪಿ ಹಾಕುವ ಕರಾವಳಿಯ ಕೃಷಿಕ, ಇವರಿಗೆಲ್ಲ ತಡೆಯ ಗುಟ್ಟು ಎಂದೋ ತಿಳಿದಿತ್ತು. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಆಚೆಯ ಬೆಳಕು ತೂರಿ ಬಂದರೆ ಕಿರಣವೂ ತೂರುತ್ತದೆ. ತೆಳು ಬಿಳಿ ಬಟ್ಟೆಗಿಂತ ಒತ್ತಾಗಿ ನೇಯ್ದ ಗಾಢ ಬಣ್ಣದ ಬಟ್ಟೆ ಮೇಲು. ಆಸ್ಟ್ರೇಲಿಯದ ಎಷ್ಟೋ ಶಾಲೆಗಳಲ್ಲಿ ಟೋಪಿ ಇಲ್ಲದ ಮಗುವಿಗೆ ಬಯಲಿನಲ್ಲಿ ಆಟವಿಲ್ಲ ಎಂಬ ನಿಯಮವೇ ಇದೆ. ಹಾಗೆಂದು ಮಕ್ಕಳನ್ನು ಮನೆಯೊಳಗೆ ಕೂಡಿಹಾಕುವುದು ತರವಲ್ಲ. ಮೂಳೆಗೆ ಬೇಕಾದ ಡಿ ಜೀವಸತ್ವಕ್ಕೂ ಆಟಕ್ಕೂ ಬಯಲು ಬೇಕು.

ಚಿಕಿತ್ಸೆಯ ನಿಜ, ಜಾಹೀರಾತಿನ ಸುಳ್ಳು

ಬಂದ ಸುಕ್ಕಿಗೆ ಮದ್ದಿಲ್ಲವೆ? ಸ್ವಲ್ಪಮಟ್ಟಿಗೆ ಇದೆ. ಎ ಜೀವಸತ್ವದ ಸಂಬಂಧಿಯಾದ ಟ್ರೆಟಿನೊಯಿನ್ ಮೊದಲು ಮೊಡವೆಗೆ ಬಳಸುತ್ತಿದ್ದ ಔಷಧ. ಅದನ್ನು ಹಚ್ಚಿದವರ ಮುಖದಲ್ಲಿ ಗೆರೆಗಳೂ ತಿಳಿಯಾಗುವುದು ಕಂಡುಬಂತು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್ 1986ರಲ್ಲಿ ಇದನ್ನು ವರದಿ ಮಾಡಿದರು. ಇದು ಒಳಚರ್ಮದಲ್ಲಿ ಹೊಸ ಕೊಲಾಜೆನ್ ಬೆಳೆಯಲು ನೆರವಾಗುತ್ತದೆ. ಆದರೆ ತಿಂಗಳುಗಟ್ಟಲೆ ಹಚ್ಚಬೇಕು, ಚರ್ಮ ಉರಿಯಬಹುದು, ಸಿಪ್ಪೆ ಏಳಬಹುದು, ಗರ್ಭಿಣಿಯರು ಬಳಸಕೂಡದು. ವೈದ್ಯರ ಸಲಹೆಯಿಲ್ಲದೆ ಮುಟ್ಟುವಂಥದ್ದಲ್ಲ.

ಹಣೆಯ ಗೆರೆಗೆ ಚುಚ್ಚುವ ಬೊಟುಲಿನಮ್ ಮದ್ದಿನದು ಇನ್ನೊಂದು ಕಥೆ. ಕೆನಡಾದ ಕಣ್ಣಿನ ವೈದ್ಯೆ ಜೀನ್ ಕರೂಥರ್ಸ್ ಇದನ್ನು ರೆಪ್ಪೆಯ ಸೆಳೆತಕ್ಕೆ ಕೊಡುತ್ತಿದ್ದಾಗ ಹುಬ್ಬಿನ ನಡುವಿನ ಗಂಟು ಸಡಿಲವಾದುದನ್ನು ಗಮನಿಸಿದರು. ಚರ್ಮವೈದ್ಯರಾದ ಪತಿ ಆಲಸ್ಟೇರ್ ಜೊತೆ 1992ರಲ್ಲಿ ಅದನ್ನು ಪ್ರಕಟಿಸಿದರು. ಇದು ಸ್ನಾಯುವನ್ನು ಮೂರು-ನಾಲ್ಕು ತಿಂಗಳು ಸಡಿಲಗೊಳಿಸುತ್ತದೆ, ಅಷ್ಟೇ. ಚರ್ಮಕ್ಕೆ ಹರೆಯ ಮರಳುವುದಿಲ್ಲ.

ಇನ್ನು ಕೊಲಾಜೆನ್ ಕ್ರೀಮುಗಳು. ಕೊಲಾಜೆನ್ ಬಹು ದೊಡ್ಡ ಅಣು. ಹೊರಚರ್ಮದ ಬಾಗಿಲು ಅದಕ್ಕೆ ಬಹಳ ಕಿರಿದು. ಹಚ್ಚಿದ್ದು ಮೇಲೆಯೇ ಉಳಿದು ತೇವ ಹಿಡಿದಿಡುತ್ತದೆ. ನವಾರ ಜೋತುಬಿದ್ದ ಮಂಚದ ಮೇಲೆ ಹೊದಿಕೆಗೆ ಇಸ್ತ್ರಿ ಹಾಕಿದಂತೆ. ತೇವ ಹಿಡಿಯುವ ಕೆಲಸವನ್ನು ಸ್ನಾನದ ನಂತರ ಹಚ್ಚಿದ ಕೊಬ್ಬರಿ ಎಣ್ಣೆಯೂ ಮಾಡುತ್ತದೆ. ಆದರೆ ಎಣ್ಣೆ ಬಿಸಿಲನ್ನು ತಡೆಯುವುದಿಲ್ಲ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವುದಂತೂ ಅಪಾಯ. ಚರ್ಮ ಸುಟ್ಟು ಕಪ್ಪು ಕಲೆ ಉಳಿಯಬಹುದು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ‘ಬೆಳ್ಳಗಾಗುವ’ ಕ್ರೀಮಿನ ವಿಷಯದಲ್ಲಿ. ಔಷಧಿ ಅಂಗಡಿಯಲ್ಲಿ ಯಾರೋ ಹೇಳಿದರೆಂದು ಕೊಂಡು ಹಚ್ಚುವ ಕೆಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲ ಕೆಲವು ವಾರ ಮುಖ ತಿಳಿಯಾಗುತ್ತದೆ. ಬಳಿಕ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತವೆ, ಕೂದಲು ಬೆಳೆಯುತ್ತದೆ, ನಿಲ್ಲಿಸಿದರೆ ಉರಿ. ಇಪ್ಪತ್ತರ ಹುಡುಗಿಗೆ ಮುದಿ ಚರ್ಮವನ್ನು ಕೊಡುವ ಮದ್ದು ಇದು. ಚರ್ಮರೋಗ ತಜ್ಞರ ಒತ್ತಾಯದ ನಂತರ 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಕಾನೂನಿಗಿಂತ ಮುಂಚೆ ತಾಯ್ತಂದೆಯರ ಕಣ್ಣು ಆ ಟ್ಯೂಬಿನ ಮೇಲೆ ಬೀಳಬೇಕು.

ಮುಪ್ಪು ತಡೆಯುವ ಕ್ರೀಮುಗಳಿಗೆ ಈಗ ಹನ್ನೆರಡು-ಹದಿಮೂರರ ಮಕ್ಕಳೂ ಆಸೆಪಡುತ್ತಿದ್ದಾರೆ. ಸ್ವೀಡನ್ನಿನ ದೊಡ್ಡ ಔಷಧಿ ಅಂಗಡಿಗಳ ಸಮೂಹವೊಂದು, 15 ವರ್ಷದೊಳಗಿನವರಿಗೆ ಹೆತ್ತವರ ಒಪ್ಪಿಗೆಯಿಲ್ಲದೆ ಇಂಥ ತೀಕ್ಷ್ಣ ಕ್ರೀಮು ಮಾರುವುದಿಲ್ಲವೆಂದು 2024ರಲ್ಲಿ ಘೋಷಿಸಿತು. ಇನ್ನೂ ಬರದ ಸುಕ್ಕಿಗೆ ಮದ್ದು ಹಚ್ಚಿದರೆ ಸಿಗುವುದು ಉರಿಯೊಂದೇ.

ಬಿತ್ತಿದ್ದೇ ಬೆಳೆ

ಸುಕ್ಕು ರೋಗವಲ್ಲವಾದರೂ ಮಾಯದ ಹುಣ್ಣು, ಬಣ್ಣ ಅಥವಾ ಆಕಾರ ಬದಲಿಸುವ ಮಚ್ಚೆ, ರಕ್ತ ಒಸರುವ ಗಂಟು ಕಂಡರೆ ವಯಸ್ಸಿನ ಗುರುತೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು.

ಉಳಿದಂತೆ ಮಾಡಬೇಕಾದದ್ದು ಸರಳ. ನೆರಳು ಗಿಡ್ಡವಾದ ಹೊತ್ತಿನಲ್ಲಿ ಕೊಡೆ ಅಥವಾ ಟೋಪಿ, ಮೈತುಂಬ ಬಟ್ಟೆ, ಸಾಧ್ಯವಿದ್ದರೆ ಸನ್‌ಸ್ಕ್ರೀನ್, ತಂಬಾಕಿನಿಂದ ದೂರ, ಹಣ್ಣು, ತರಕಾರಿ, ಬೇಳೆಯ ಊಟ, ಸಾಕಷ್ಟು ನಿದ್ದೆ. ಕೊಲಾಜೆನ್ ಕಟ್ಟಲು ಸಿ ಜೀವಸತ್ವ ಬೇಕೇ ಬೇಕು. ಅದು ನೆಲ್ಲಿಕಾಯಿಯಲ್ಲೂ ಸೀಬೆಹಣ್ಣಿನಲ್ಲೂ ಹೇರಳವಾಗಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕಿಂತ ಇದು ಅಗ್ಗ.

ಎಪ್ಪತ್ತರಲ್ಲಿ ಮುಖದ ಮೇಲೆ ಗೆರೆಗಳಿರುವುದು ಸಹಜ. ನಕ್ಕಿದ್ದು, ಅತ್ತಿದ್ದು ಎಲ್ಲ ಅಲ್ಲಿರುತ್ತವೆ. ಅವನ್ನು ಅಳಿಸಲು ಹೊರಡುವುದು ವ್ಯರ್ಥ. ಆದರೆ ನಲವತ್ತರಲ್ಲೇ ಎಪ್ಪತ್ತರ ಗೆರೆಗಳನ್ನು ಬಿಸಿಲಿಗೂ ಹೊಗೆಗೂ ಬರೆಯಲು ಬಿಡಬೇಕಾಗಿಲ್ಲ. ಶಾಲೆಗೆ ಹೊರಟ ಮಗುವಿನ ಕೈಗೆ ಬುತ್ತಿಯ ಜೊತೆ ಒಂದು ಟೋಪಿಯನ್ನೂ ಕೊಟ್ಟರೆ ಅದರ ಫಲ ಇನ್ನು ಮೂವತ್ತು ವರ್ಷಗಳ ನಂತರ ಆ ಮಗುವಿನ ಮುಖದಲ್ಲಿ ಕಂಡೀತು.