ಹಾಲಿನ ಹಾದಿಯ ಸಂಧಿ

ಕರ್ನಾಟಕ ಹಾಲು ಮಹಾಮಂಡಲಕ್ಕೆ ಸೇರಿದ ಯಲಹಂಕದ ಮದರ್ ಡೇರಿಯಂತಹ ಕ್ಷೀರಕೇಂದ್ರವನ್ನು ಕುರಿತು ಆಲೋಚಿಸುವವರು ಅಲ್ಲಿನ ಪಂಪುಗಳನ್ನೂ ಶೀತಲಯಂತ್ರಗಳನ್ನೂ ಬೃಹದಾಕಾರದ ಸಂಗ್ರಹಪಾತ್ರೆಗಳನ್ನೂ ನೆನೆಯುವುದು ಸಹಜವೇ ಸರಿ. ಆದರೆ ಹಳ್ಳಿಹಳ್ಳಿಗಳಿಂದ ಕೂಡಿಬಂದ ಹಾಲು ಟ್ಯಾಂಕರಿನಿಂದ ಇಳಿದು ಡೇರಿಯ ಕೊಳವೆಯನ್ನು ಪ್ರವೇಶಿಸುವ ಸ್ಥಳದಲ್ಲಿ, ಅಂಗೈಯಗಲದ ಒಂದು ಉಕ್ಕಿನ ಸಂಧಿಯು, ಅಂದರೆ ಯೂನಿಯನ್, ತನ್ನ ಕರ್ತವ್ಯವನ್ನು ಲೋಪವಿಲ್ಲದೆ ನೆರವೇರಿಸದಿದ್ದರೆ, ಮಿಕ್ಕೆಲ್ಲ ಸಾಧನಗಳ ಶ್ರಮವೂ ವ್ಯರ್ಥವಾದೀತು.

ಡೇರಿಗಳಲ್ಲಿ ರೂಢಿಯಲ್ಲಿರುವ ಇಂತಹ ಯೂನಿಯನ್ನಿಗೆ ನಾಲ್ಕು ಅಂಗಗಳು: ತಿರುಪಿನ ಸುತ್ತುಳ್ಳ ಗಂಡುಭಾಗ, ಅದಕ್ಕೆ ಎದುರಾಗಿ ಕೂಡುವ ಲೈನರು, ಇವೆರಡರ ನಡುವಣ ರಬ್ಬರ್ ಗ್ಯಾಸ್ಕೆಟ್ಟು, ಎಲ್ಲವನ್ನೂ ಬಿಗಿಯುವ ದುಂಡು ನಟ್ಟು. ಶೇಕಡಾ 18 ಕ್ರೋಮಿಯಂ, 8 ನಿಕ್ಕಲ್ ಬೆರೆತ ತುಕ್ಕುಹಿಡಿಯದ ಉಕ್ಕಿನಿಂದ, ಗ್ಯಾಸ್ಕೆಟ್ಟಿನ ಹೊರತು ಮಿಕ್ಕವು ರೂಪುಗೊಳ್ಳುತ್ತವೆ. ತಿರುಪಿನ ಸುತ್ತಿನ ಅಂಚುಗಳನ್ನು ಮೊನಚಾಗಿಸದೆ ದುಂಡಗಿರಿಸಿರುವುದಕ್ಕೆ ಕಾರಣವುಂಟು: ದಿನವೂ ಬಿಚ್ಚಿ ಕಟ್ಟುವ ಕೈಗಳಲ್ಲಿ ಅದು ಬೇಗನೆ ಕೆಡದು, ತೊಳೆಯುವಾಗ ಅದರಲ್ಲಿ ಕೊಳೆಯೂ ಸುಲಭವಾಗಿ ನಿಲ್ಲದು.

ಸೋರಿಕೆಯೆಂದೊಡನೆ ದ್ರವವು ಹೊರಚೆಲ್ಲುವುದನ್ನೇ ನಾವು ಭಾವಿಸುತ್ತೇವೆ. ಆದರೆ ಪಂಪು ಹಾಲನ್ನು ಸೆಳೆಯುವ ಕಡೆಯಲ್ಲಿ ಸಂಧಿಯು ಸಡಿಲವಾಗಿದ್ದರೆ ಹಾಲು ಹೊರಗೆ ಬಾರದೆ ಗಾಳಿಯೇ ಒಳನುಗ್ಗುತ್ತದೆ. ಹಾಲು ನೊರೆಗಟ್ಟುತ್ತದೆ, ಅಳತೆ ತಪ್ಪುತ್ತದೆ, ಕಣ್ಣಿಗೆ ಕಾಣುವ ತೊಟ್ಟು ಒಂದೂ ಬೀಳದ ಕಾರಣ ದೋಷವು ದೀರ್ಘಕಾಲ ಗುಪ್ತವಾಗಿಯೇ ಉಳಿಯುತ್ತದೆ. ಇದಕ್ಕಿಂತಲೂ ಸೂಕ್ಷ್ಮವಾದುದು ಗ್ಯಾಸ್ಕೆಟ್ಟಿನ ಸ್ಥಾನ. ಅದು ಕೊಳವೆಯ ಒಳಮೈಗೆ ಸಮನಾಗಿರಬೇಕು: ಹಿಂಸರಿದರೆ ಉಂಟಾಗುವ ಬಿರುಕಿನಲ್ಲಿ ಹಾಲಿನ ಕಣಗಳು ನಿಂತು ಸೂಕ್ಷ್ಮಜೀವಿಗಳಿಗೆ ಆಶ್ರಯವಾಗುತ್ತವೆ, ಮುಂಚಾಚಿದರೆ ಪ್ರವಾಹಕ್ಕೆ ತಡೆಯಾಗುತ್ತದೆ. ಹೀಗಿರುವಾಗ, ಹಾಲನ್ನು 4 ಡಿಗ್ರಿಯ ತಂಪಿನಲ್ಲಿ ಕಾಪಾಡಿ ತಂದುದರ ಫಲಕ್ಕೂ ಊನ ಬರುತ್ತದೆ.

ಗ್ಯಾಸ್ಕೆಟ್ಟಿನ ದ್ರವ್ಯವನ್ನು ಆರಿಸುವುದೂ ಸುಲಭವಲ್ಲ. ಸಹಜ ರಬ್ಬರು ಹಾಲಿನ ಜಿಡ್ಡಿಗೆ ಉಬ್ಬುತ್ತದೆ. ನೈಟ್ರೈಲ್ ರಬ್ಬರು ಜಿಡ್ಡನ್ನು ತಾಳುತ್ತದೆ. ಆದರೆ ಕೊಳವೆಗಳನ್ನು ತೊಳೆಯುವ ಬಿಸಿ ಕಾಸ್ಟಿಕ್ ಸೋಡಾ, ನೈಟ್ರಿಕ್ ಆಮ್ಲಗಳ ಸಂಸರ್ಗದಿಂದ ಯಾವ ರಬ್ಬರಾದರೂ ಕಾಲಕ್ರಮದಲ್ಲಿ ಬಿರುಸಾಗಿ ಬಿರಿಯುವುದು ಅನಿವಾರ್ಯ.

ಬೆಂಗಳೂರಿನ ಹೆಬ್ಬಾಳ, ಆರ್.ಟಿ. ನಗರಗಳ ಅಡುಗೆಮನೆಗಳಲ್ಲಿಯೂ, ಸೋರದಂತೆ ಜೋಡಿಸುವ ಇದೇ ವಿದ್ಯೆಯ ಇನ್ನೊಂದು ಫಲವನ್ನು ಕಾಣಬಹುದು. 14.2 ಕಿಲೋ ಗ್ಯಾಸ್ ಸಿಲಿಂಡರಿನ ವಾಲ್ವಿನೊಳಗೆ ಸ್ಪ್ರಿಂಗೊಂದಿದ್ದು, ರೆಗ್ಯುಲೇಟರನ್ನು ತೆಗೆದೊಡನೆ ದ್ವಾರವು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಮುಚ್ಚುವ ಹೊಣೆಯನ್ನು ಮನುಷ್ಯನ ನೆನಪಿಗೆ ಬಿಡದೆ ಯಂತ್ರವೇ ವಹಿಸಿಕೊಂಡಿರುವುದು ಈ ರಚನೆಯ ಔದಾರ್ಯ. ಅಲ್ಲಿಯೂ ಸಣ್ಣದೊಂದು ರಬ್ಬರ್ ಉಂಗುರ ಸವೆದರೆ ಅನಿಲವು ಸೋರುತ್ತದೆ. ಆದುದರಿಂದಲೇ ಸಿಲಿಂಡರು ಮನೆಗೆ ಬಂದಾಗ ಆ ಉಂಗುರವನ್ನು ಪರೀಕ್ಷಿಸಿಕೊಳ್ಳಬೇಕು.

ಆದಕಾರಣ ಉತ್ತಮ ಸಂಧಿಯ ಲಕ್ಷಣವನ್ನು ಬಿಗಿತದಿಂದ ಮಾತ್ರ ನಿರ್ಣಯಿಸಲಾಗದು. ನಸುಕಿನ ಪಾಳಿಯಲ್ಲಿ ದಣಿದ ಕೈ ತಪ್ಪಾಗಿ ಜೋಡಿಸಲು ಆಸ್ಪದವಿರಬಾರದು. ಬಿಚ್ಚಿದಾಗ ಒಳಮೈಯೆಲ್ಲವೂ ಕಣ್ಣಿಗೆ ಕಾಣಬೇಕು. ಸವೆಯುವ ಭಾಗವು ಅಗ್ಗವಾಗಿಯೂ ಸುಲಭವಾಗಿ ಬದಲಿಸುವಂತೆಯೂ ಇರಬೇಕು. ಈ ಮೂರನ್ನೂ ನಕ್ಷೆಯ ಹಂತದಲ್ಲಿಯೇ ಯೋಚಿಸಬೇಕಾದ ಎಂಜಿನಿಯರನಿಗೆ, ನಿತ್ಯವೂ ಸ್ಪ್ಯಾನರು ಹಿಡಿಯುವ ಕೆಲಸಗಾರನ ಅನುಭವಕ್ಕಿಂತ ಪ್ರಶಸ್ತವಾದ ಗುರು ಮತ್ತೊಬ್ಬನಿಲ್ಲ.