ಬರಿದಾದ ಹಗೇವಿನ ಲೆಕ್ಕ

ವಿಜಯಪುರ ಸೀಮೆಯ ಅರಕೇರಿಯಂಥ ಊರೊಂದರಲ್ಲಿ, ಶಾಲೆಯ ಹುಡುಗನೊಬ್ಬನ ಮುಂದೆ ಈ ಪ್ರಶ್ನೆಯಿದೆಯೆಂದು ಭಾವಿಸೋಣ: ೧೨೨೧ ಎಂಬ ಸಂಖ್ಯೆ ೧೧ರಿಂದ ನಿಶ್ಶೇಷವಾಗಿ ಭಾಗವಾಗುವುದೇ? ಹುಡುಗ ನಿಯಮವನ್ನು ಬಲ್ಲ. ಒಂದು ಬಿಟ್ಟು ಒಂದರಂತೆ ಅಂಕಿಗಳನ್ನು ಕೂಡಿಸುತ್ತಾನೆ. ಒಂದು ಕಡೆ ೧ ಮತ್ತು ೨ ಸೇರಿ ಮೂರು. ಇನ್ನೊಂದು ಕಡೆ ೨ ಮತ್ತು ೧ ಸೇರಿ ಅದೂ ಮೂರು. ವ್ಯತ್ಯಾಸ ಸೊನ್ನೆ. ಇಲ್ಲಿಗೆ ಅವನ ಲೇಖನಿ ನಿಲ್ಲುತ್ತದೆ. ವ್ಯತ್ಯಾಸವು ೧೧ರಿಂದ ಭಾಗವಾಗಬೇಕೆಂಬುದು ನಿಯಮ. ಏನೂ ಇಲ್ಲದುದು ಭಾಗವಾಗುವುದೆಂತು? ‘ಭಾಗವಾಗದು’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾನೆ.

ಇದು ದಡ್ಡತನದ ತಪ್ಪಲ್ಲ. ನಿಯಮವನ್ನು ಕಲಿತು ಅದರ ಕಾರಣವನ್ನು ಕಲಿಯದಿದ್ದುದರ ಫಲ. ಹತ್ತು ಎಂದರೆ ಹನ್ನೊಂದಕ್ಕೆ ಒಂದು ಕಡಿಮೆ; ನೂರು ಎಂದರೆ ತೊಂಬತ್ತೊಂಬತ್ತಕ್ಕೆ ಒಂದು ಹೆಚ್ಚು; ಸಾವಿರವೆಂದರೆ ೧೦೦೧ಕ್ಕೆ ಒಂದು ಕಡಿಮೆ. ಹನ್ನೊಂದರ ಗುಣಕಗಳನ್ನೆಲ್ಲ ತೆಗೆದರೆ, ಅಂಕಿಗಳು ಒಮ್ಮೆ ಕೂಡುತ್ತ ಒಮ್ಮೆ ಕಳೆಯುತ್ತ ಉಳಿಯುತ್ತವೆ. ಉಳಿದುದು ಸೊನ್ನೆಯಾದರೆ ಹನ್ನೊಂದನ್ನು ಮೀರಿದ್ದು ಏನೂ ಇಲ್ಲವೆಂದರ್ಥ. ೧೨೨೧ ಎಂಬುದು ೧೧ × ೧೧೧.

ಒಂದು ಪೂರ್ಣಾಂಕ ಮತ್ತೊಂದರಿಂದ ಭಾಗವಾಯಿತೋ ಇಲ್ಲವೋ ಎಂಬುದಕ್ಕೆ ಒರೆಗಲ್ಲು ಒಂದೇ: ಭಾಜಕವನ್ನು ಭಾಗಲಬ್ಧದಿಂದ ಗುಣಿಸಿದರೆ ಮೊದಲಿನ ಸಂಖ್ಯೆ ಮರಳಿ ಬರಬೇಕು. ಹನ್ನೊಂದನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೇ ಬರುವುದರಿಂದ ಸೊನ್ನೆ ಹನ್ನೊಂದರಿಂದ ಭಾಗವಾಗುತ್ತದೆ. ಬರಿದಾದ ಹಗೇವಿನ ಜೋಳವನ್ನು ಹನ್ನೊಂದು ಮನೆಗಳಿಗೆ ಹಂಚಿದರೆ ಪ್ರತಿ ಮನೆಗೂ ಸೊನ್ನೆ. ಶೇಷವಿಲ್ಲ, ಜಗಳವೂ ಇಲ್ಲ. ಎರಡು ಮನೆಗೂ ಹೀಗೆಯೇ. ಆದ್ದರಿಂದ ಸೊನ್ನೆ ಸಮಸಂಖ್ಯೆ.

ಆದರೆ ತುಂಬಿದ ಹಗೇವನ್ನು ಸೊನ್ನೆ ಮನೆಗಳಿಗೆ ಹಂಚಿದರೆ ಮನೆಗೆಷ್ಟು? ಈ ಪ್ರಶ್ನೆ ದೊಡ್ಡವರನ್ನೂ ಕಾಡಿದೆ. ಬ್ರಹ್ಮಗುಪ್ತನು ೬೨೮ರಲ್ಲಿ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದನು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ೮೫೦ರಲ್ಲಿ, ‘ಗಣಿತಸಾರಸಂಗ್ರಹ’ವನ್ನು ಬರೆದ ಮಹಾವೀರಾಚಾರ್ಯನು ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಇದ್ದಂತೆಯೇ ಉಳಿಯುವುದೆಂದನು. ಹಂಚಿಕೊಳ್ಳುವವರೇ ಇಲ್ಲವಾದರೆ ಜೋಳ ಹಗೇವಿನಲ್ಲೇ ಉಳಿಯುವುದಷ್ಟೆ! ೧೧೧೪ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯನು ಅಂಥ ಭಾಗಲಬ್ಧವನ್ನು ‘ಖಹರ’ವೆಂದು ಕರೆದು ಅನಂತನಾದ ಅಚ್ಯುತನಿಗೆ ಹೋಲಿಸಿದನು. ಅವನು ತನ್ನ ಊರೆಂದು ಹೇಳಿಕೊಂಡ ವಿಜ್ಜಡವಿಡ ನಮ್ಮ ವಿಜಯಪುರವೇ ಎಂದು ಕೆಲವು ವಿದ್ವಾಂಸರು. ಅದು ಖಾನದೇಶದ ಕಡೆಯದೆಂದು ಮತ್ತೆ ಕೆಲವರು.

ಈ ಮೂರು ಉತ್ತರಗಳನ್ನೂ ಅದೇ ಒರೆಗಲ್ಲಿಗೆ ತಿಕ್ಕಿ ನೋಡಬಹುದು. ಐದನ್ನು ಸೊನ್ನೆಯಿಂದ ಭಾಗಿಸಿ ಐದೇ ಬಂತೆಂದರೆ, ಐದನ್ನು ಸೊನ್ನೆಯಿಂದ ಗುಣಿಸಿದಾಗ ಐದು ಮರಳಬೇಕು, ಮರಳುವುದು ಸೊನ್ನೆ. ಎಷ್ಟೇ ದೊಡ್ಡ ಸಂಖ್ಯೆಯನ್ನು ಹಿಡಿದರೂ ಹೀಗೆಯೇ. ಇನ್ನು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಹೊರಟರೆ ಎಲ್ಲ ಸಂಖ್ಯೆಗಳೂ ಒರೆಗೆ ಒಪ್ಪುತ್ತವೆ. ಎಲ್ಲವೂ ಉತ್ತರವಾದಲ್ಲಿ ಒಂದೂ ಉತ್ತರವಲ್ಲ. ಆದುದರಿಂದಲೇ ಇಂದಿನ ಗಣಿತ ಸೊನ್ನೆಗೆ ಭಾಜಕನ ಸ್ಥಾನವನ್ನು ಕೊಟ್ಟಿಲ್ಲ.

ಮಹಾವೀರನಂಥವನೂ ಎಡವಿದ ಕಲ್ಲನ್ನು ಅರಕೇರಿಯ ಹುಡುಗ ಎಡವಿದರೆ ಅದರಲ್ಲಿ ಅವಮಾನವಿಲ್ಲ. ಕೆಂಪು ಗೆರೆಯನ್ನು ಎಳೆಯುವ ಮೊದಲು ಉಪಾಧ್ಯಾಯರು ‘ಗುಣಿಸಿ ನೋಡಪ್ಪಾ’ ಎಂದು ಒಂದು ಮಾತು ಹೇಳಲಿ. ನಿಯಮ ಮರೆತೀತು, ಆ ಒರೆಗಲ್ಲು ಕೈಯಲ್ಲಿ ಉಳಿದೀತು.