ನೌಕಾಯುದ್ಧಗಳೂ ಸಕ್ಕರೆಯ ದ್ವೀಪಗಳೂ: ಕಬ್ಬಿನ ಸೀಮೆಗೆ ಒಂದು ಪಾಠ

ಗೆಜ್ಜಲಗೆರೆಯೇ ಮೊದಲಾದ ಮದ್ದೂರು ಸೀಮೆಯ ಗ್ರಾಮಗಳಲ್ಲಿ ಕಬ್ಬು ಮುಖ್ಯವಾದ ಹಣದ ಬೆಳೆಯೆಂಬುದು ಸರ್ವರಿಗೂ ತಿಳಿದ ವಿಷಯವು. ಒಂದೇ ಬೆಳೆಯನ್ನು ನೆಚ್ಚಿದ ನಾಡಿಗೆ ಸರಕು ಹೋಗುವ ದಾರಿಯೂ ಧಾನ್ಯ ಬರುವ ದಾರಿಯೂ ಒಮ್ಮೆಗೇ ಕಟ್ಟಿಹೋದರೆ ಒದಗುವ ಸ್ಥಿತಿಯನ್ನು ವೆಸ್ಟ್ ಇಂಡೀಸ್ ದ್ವೀಪಗಳ ಚರಿತ್ರೆಯು ಚೆನ್ನಾಗಿ ತೋರಿಸಿಕೊಡುತ್ತದೆ.

18ನೆಯ ಶತಮಾನದಲ್ಲಿ ಜಮೈಕಾ, ಬಾರ್ಬಡೋಸ್ ಮೊದಲಾದ ದ್ವೀಪಗಳು ಇಂಗ್ಲೀಷರ ವಶದಲ್ಲಿಯೂ, ಮಾರ್ಟಿನಿಕ್, ಗ್ವಾಡಲೂಪ್ ದ್ವೀಪಗಳು ಫ್ರೆಂಚರ ವಶದಲ್ಲಿಯೂ ಇದ್ದುವು. ಇವುಗಳ ಬೆಲೆ ಎಷ್ಟಿತ್ತೆಂದರೆ, 1763ರ ಸಂಧಿಯಲ್ಲಿ ಫ್ರೆಂಚರು ವಿಶಾಲವಾದ ಕೆನಡಾ ದೇಶವನ್ನು ಬಿಟ್ಟುಕೊಟ್ಟು ಈ ಎರಡು ಸಣ್ಣ ದ್ವೀಪಗಳನ್ನು ಮರಳಿ ಪಡೆದರು. ತೋಟದ ಒಡೆಯರು ಆಫ್ರಿಕಾದಿಂದ ತಂದ ಗುಲಾಮರಿಂದ ದುಡಿಸಿ, ಒಳ್ಳೆಯ ಭೂಮಿಯಲ್ಲೆಲ್ಲಾ ಕಬ್ಬನ್ನೇ ಹಾಕಿಸುತ್ತಿದ್ದರು. ಮುಸುಕಿನ ಜೋಳ, ಉಪ್ಪುಮೀನು, ಮರಮುಟ್ಟುಗಳನ್ನು ಉತ್ತರ ಅಮೆರಿಕದಿಂದ ಹಡಗುಗಳಲ್ಲಿ ತರಿಸುತ್ತಿದ್ದರು.

1775ರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧವು ಮೊದಲಾಯಿತು. 1778ರಲ್ಲಿ ಫ್ರೆಂಚರೂ ಸಮುದ್ರಕ್ಕಿಳಿದರು. ಶತ್ರುಗಳು ಸಕ್ಕರೆಯ ಹಡಗುಗಳನ್ನು ಹಿಡಿಯತೊಡಗಿದರು. ಹಡಗಿನ ಬಾಡಿಗೆಯೂ ವಿಮೆಯೂ ಏರಿದುವು. ಅಮೆರಿಕದ ಧಾನ್ಯವು ನಿಂತಿತು. ಇದರ ಪೆಟ್ಟು ಮೊದಲು ಬಿದ್ದುದು ಒಡೆಯರಿಗಲ್ಲ, ಹೊಲದಲ್ಲಿ ದುಡಿಯುವವರಿಗೆ. ಯುದ್ಧಾನಂತರವೂ ಅಮೆರಿಕದ ಹಡಗುಗಳಿಗೆ ನಿರ್ಬಂಧವಿದ್ದಿತು. ಮೇಲಿಂದಮೇಲೆ ಚಂಡಮಾರುತಗಳೂ ಬೀಸಿದುವು. 1780ರಿಂದ 1787ರ ಒಳಗೆ ಜಮೈಕಾ ಒಂದರಲ್ಲಿಯೇ ಸುಮಾರು 15,000 ಗುಲಾಮರು ಹಸಿವಿನಿಂದಲೂ ಅದರಿಂದುಂಟಾದ ರೋಗಗಳಿಂದಲೂ ಸತ್ತರೆಂದು ಅಲ್ಲಿಯ ಶಾಸನಸಭೆಯ ಸಮಿತಿಯೇ ಅಂದಾಜುಮಾಡಿತು. ಆಹಾರಕ್ಕೆ ಸ್ಥಳದಲ್ಲಿಯೇ ಆಧಾರವಿರಲೆಂದು 1793ರಲ್ಲಿ ದೂರದ ಟಹೀಟಿಯಿಂದ ಜೀಗುಜ್ಜೆಯ ಗಿಡಗಳನ್ನು ತರಿಸಿ ನೆಡಿಸಿದರು.

ಎರಡನೆಯ ಪೆಟ್ಟು ನೆಪೋಲಿಯನ್ನನ ಕಾಲದ್ದು. 1806ರಲ್ಲಿ ಆತನು ಇಂಗ್ಲೀಷರ ಸರಕು ಯೂರೋಪ್ ಖಂಡಕ್ಕೆ ಬಾರದಂತೆ ಆಜ್ಞೆಮಾಡಿದನು. ಇಂಗ್ಲೀಷರ ನೌಕಾಸೇನೆಯು 1809ರಲ್ಲಿ ಮಾರ್ಟಿನಿಕ್ಕನ್ನೂ 1810ರಲ್ಲಿ ಗ್ವಾಡಲೂಪನ್ನೂ ಮಾರಿಷಸ್ಸನ್ನೂ ಹಿಡಿಯಿತು. ಲಂಡನ್ನಿನ ಉಗ್ರಾಣಗಳಲ್ಲಿ ಸಕ್ಕರೆ ರಾಶಿಬಿದ್ದಿತು, ಪ್ಯಾರಿಸ್ಸಿನಲ್ಲಿ ಸಿಕ್ಕದಾಯಿತು. ಬೀಟ್ ಗೆಡ್ಡೆಯಲ್ಲಿ ಸಕ್ಕರೆಯಿರುವುದನ್ನು ಮಾರ್ಗ್ರಾಫನೆಂಬ ಜರ್ಮನ್ ಪಂಡಿತನು 1747ರಲ್ಲಿಯೇ ಕಂಡುಹಿಡಿದಿದ್ದನು. 1811ರಲ್ಲಿ ನೆಪೋಲಿಯನ್ನನು 32,000 ಹೆಕ್ಟೇರುಗಳಲ್ಲಿ ಬೀಟ್ ಬೆಳೆಯಬೇಕೆಂದು ವಿಧಿಸಿದನು. ಯುದ್ಧ ಮುಗಿದರೂ ಬೀಟ್ ಹೋಗಲಿಲ್ಲ. 19ನೆಯ ಶತಮಾನದ ಅಂತ್ಯಕ್ಕೆ ಪ್ರಪಂಚದ ಸಕ್ಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅದರದೇ ಆಗಿ, ದ್ವೀಪಗಳ ತೋಟಗಳು ಕ್ಷೀಣಿಸಿದುವು. ಕೊಳ್ಳುವವನಿಗೆ ದಾರಿ ಕಟ್ಟಿದರೆ ಅವನು ಬೇರೆ ದಾರಿಯನ್ನು ಹುಡುಕಿಕೊಳ್ಳುವನು.

ಮಂಡ್ಯಕ್ಕೆ ಸಮುದ್ರವಿಲ್ಲ. ಆದರೆ 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾದಂದಿನಿಂದ ನಾಲೆಯೂ ಕಾರ್ಖಾನೆಯೂ ಈ ಸೀಮೆಯ ಹಡಗುದಾರಿಗಳಾಗಿವೆ. 1942ರಲ್ಲಿ ಬರ್ಮಾ ದೇಶವು ಜಪಾನೀಯರ ವಶವಾಗಿ ಅಲ್ಲಿಯ ಅಕ್ಕಿ ನಿಂತಾಗ, ಹಗೇವಿನಲ್ಲಿ ರಾಗಿಯಿದ್ದ ಮನೆಗೂ ಇಲ್ಲದ ಮನೆಗೂ ಅಂತರವು ಸ್ಪಷ್ಟವಾಯಿತು. 2023ರಲ್ಲಿ ಮಳೆ ತಪ್ಪಿ ಕನ್ನಂಬಾಡಿ ಕಟ್ಟೆ ತುಂಬದೆ ನಾಲೆಯ ನೀರಿಗೆ ಅಭಾವವಾಯಿತು.

ಆದಕಾರಣ ಗ್ರಾಮದ ಮುಖಂಡರೂ ಜಮೀನುದಾರರೂ ಕಬ್ಬನ್ನು ಬಿಡಬೇಕೆಂದಲ್ಲ. ಹಿಡುವಳಿಯ ಒಂದು ಭಾಗದಲ್ಲಿ ರಾಗಿ, ಬತ್ತ, ಅವರೆ, ಹುರುಳಿಗಳನ್ನು ತಪ್ಪದೆ ಬೆಳೆಯುವುದು, ಮೇವು ಬೆಳೆದು ಹಸುಗಳನ್ನು ಸಾಕುವುದು, ಕೂಲಿಯಾಳುಗಳ ಮನೆಗೂ ಸಾಲುವಷ್ಟು ಕಾಳು ಊರಿನಲ್ಲಿ ಉಳಿಯುವಂತೆ ನೋಡಿಕೊಳ್ಳುವುದು ಉಚಿತವು. ಕಬ್ಬು ಹಣವನ್ನು ತರಬಲ್ಲದು. ದಾರಿ ಕಟ್ಟಿದ ದಿವಸ ಹೊಟ್ಟೆಯನ್ನು ತುಂಬಿಸಲಾರದು.